ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆಸ್ಪತ್ರೆ ಇರುವುದಿಲ್ಲ! ಅಪ್ಪ-ಅಮ್ಮನನ್ನು ಕ್ರೂಸ್‌ಗೆ ಕರೆದೊಯ್ಯುವ ಮೊದಲು ಇದನ್ನು ಓದಿ

ನಮ್ಮ ಆರೋಗ್ಯ ಮಾಲಿಕೆಯಲ್ಲಿ ಈ ವಾರ ಕ್ರೂಸ್ ಪ್ರಯಾಣದ ವಿಷಯ. ಸ್ವಲ್ಪ ಉದ್ದವಿದೆ, ಆದರೂ ಪೂರ್ತಿ ಓದಿ. ಟಿಕೆಟ್ ತೆಗೆಯುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಮುಂಬೈ ಬಂದರಿನಲ್ಲಿ ಕ್ರೂಸ್ ಹಡಗುಗಳ ಹಂಗಾಮು ಶುರುವಾಗುತ್ತದೆ. ಗೋವಾಕ್ಕೆ ಎರಡು ಮೂರು ರಾತ್ರಿ, ಲಕ್ಷದ್ವೀಪಕ್ಕೆ ನಾಲ್ಕೈದು ರಾತ್ರಿ. ಬಾಂದ್ರಾದಲ್ಲಿರುವ ನಮಗೆ ಇದು ಬಹಳ ಸಲೀಸು. ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಹೋಗಿ ಟ್ಯಾಕ್ಸಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಬಲ್ಲಾರ್ಡ್ ಪಿಯರ್. ವಿಮಾನದ ಗಡಿಬಿಡಿ ಇಲ್ಲ, ಊಟ-ತಿಂಡಿ-ಮಲಗುವ ಕೋಣೆ ಎಲ್ಲ ಒಂದೇ ಕಡೆ. ಹಾಗಾಗಿ ಅನೇಕ ಮನೆಗಳಲ್ಲಿ ಈಗ ಒಂದೇ ಮಾತು: "ಅಪ್ಪನಿಗೆ ಎಪ್ಪತ್ತು ತುಂಬಿತು, ಅಮ್ಮ ಜೀವಮಾನವಿಡೀ ಅಡುಗೆಮನೆಯಲ್ಲೇ ಕಳೆದರು, ಒಂದು ಸಲ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬರೋಣ."

ಒಳ್ಳೆಯ ಯೋಚನೆಯೇ. ನಮಗೆ ಹಡಗು ಹೊಸದೂ ಅಲ್ಲ. ರೈಲು, ಬಸ್ಸು ಸಲೀಸಾಗುವ ಮೊದಲು ಮಂಗಳೂರು, ಕಾರವಾರ ಕಡೆಯ ಎಷ್ಟೋ ಮಂದಿ ಹಡಗು ಹತ್ತಿಯೇ ಮುಂಬೈಗೆ ಬಂದು ಇಳಿದವರು. ಆದರೆ ಹಾಗೆ ಬಂದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ಬಂದ ಗಟ್ಟಿಮುಟ್ಟಾದ ಹುಡುಗರು. ಈಗ ಅದೇ ಕಡಲಿಗೆ ಹೊರಟಿರುವುದು ಶುಗರು, ಬಿಪಿ, ಮಂಡಿ ನೋವು, ಎದೆಯಲ್ಲಿ ಒಂದು ಸ್ಟೆಂಟ್ ಇರುವ ಹಿರಿಯರು. ಟಿಕೆಟ್ ಮಾರುವವರನ್ನು ಕೇಳಿದರೆ "ಹಡಗಿನಲ್ಲಿ ಡಾಕ್ಟರ್ ಇದ್ದಾರೆ ಸರ್, ಚಿಂತೆ ಬೇಡ" ಅನ್ನುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಇಲ್ಲಿದೆ.

*ಹಡಗಿನ ದವಾಖಾನೆಯಲ್ಲಿ ಏನಿರುತ್ತದೆ?*

ದೊಡ್ಡ ಕ್ರೂಸ್ ಹಡಗುಗಳಲ್ಲಿ ಕೆಳಗಿನ ಅಂತಸ್ತೊಂದರಲ್ಲಿ ಮೆಡಿಕಲ್ ಸೆಂಟರ್ ಇರುತ್ತದೆ. ಡಾಕ್ಟರು, ನರ್ಸ್‌ಗಳು, ಕೆಲವು ಹಾಸಿಗೆಗಳು, ಇಸಿಜಿ, ಆಕ್ಸಿಜನ್, ಹೃದಯ ನಿಂತರೆ ಶಾಕ್ ಕೊಡುವ ಯಂತ್ರ, ಡ್ರಿಪ್ ಹಾಕುವ ವ್ಯವಸ್ಥೆ, ಅಗತ್ಯದ ರಕ್ತಪರೀಕ್ಷೆ. ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಎಕ್ಸ್-ರೇ ಮತ್ತು ವೆಂಟಿಲೇಟರ್ ಕೂಡ ಇರುತ್ತದೆ. ಅಮೆರಿಕದ ತುರ್ತು ವೈದ್ಯರ ಸಂಘ ಕ್ರೂಸ್ ಹಡಗುಗಳಿಗಾಗಿಯೇ ಮಾರ್ಗಸೂಚಿ ಬರೆದಿದೆ. ದೊಡ್ಡ ಕಂಪನಿಗಳು ಅದನ್ನು ಅನುಸರಿಸುತ್ತವೆ. ಎಲ್ಲ ಹಡಗುಗಳಲ್ಲೂ ಎಲ್ಲವೂ ಇರುತ್ತದೆ ಎಂದು ಭಾವಿಸಬೇಡಿ. ಬುಕ್ ಮಾಡುವಾಗಲೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದು, ಮೂರು ದಿನಕ್ಕಿಂತ ಹೆಚ್ಚಿನ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಅರ್ಹ ಡಾಕ್ಟರು ಇರಲೇಬೇಕು. ಈ ನಿಯಮ ಹುಟ್ಟಿದ್ದು ಹಡಗಿನಲ್ಲಿ ದುಡಿಯುವವರ ರಕ್ಷಣೆಗಾಗಿ. ಹೃದ್ರೋಗ ತಜ್ಞ, ಮೂಳೆ ತಜ್ಞ, ಮಕ್ಕಳ ತಜ್ಞ ಇರಬೇಕೆಂದು ಅದು ಹೇಳುವುದಿಲ್ಲ.

ಇನ್ನು ಸಾಮಾನ್ಯವಾಗಿ ಇರದೇ ಇರುವುದೇನು? ಸಿಟಿ ಸ್ಕ್ಯಾನ್, ಆಂಜಿಯೋಪ್ಲಾಸ್ಟಿ, ದೊಡ್ಡ ಆಪರೇಷನ್ ಥಿಯೇಟರ್, ರಕ್ತನಿಧಿ. ಡಯಾಲಿಸಿಸ್ ಕೂಡ ಮೊದಲೇ ವಿಶೇಷವಾಗಿ ಏರ್ಪಾಡು ಮಾಡಿದ ಕೆಲವು ಪ್ರವಾಸಗಳಲ್ಲಿ ಬಿಟ್ಟರೆ ಇರುವುದಿಲ್ಲ.

ಹಡಗಿನ ಡಾಕ್ಟರ ಕೆಲಸ ರೋಗಿಯ ಸ್ಥಿತಿ ಕೈಮೀರದಂತೆ ನೋಡಿಕೊಂಡು ದಡಕ್ಕೆ ತಲುಪಿಸುವುದು. ಅವರು ಸೇತುವೆ. ಸೇತುವೆಯ ಆಚೆ ತುದಿಯಲ್ಲಿ ಆಸ್ಪತ್ರೆ ಇರಬೇಕು.

*ದೂರವನ್ನು ಗಂಟೆಯಲ್ಲಿ ಅಳೆಯಿರಿ*

ಬಾಂದ್ರಾದಲ್ಲಿ ಅಪ್ಪನಿಗೆ ಎದೆನೋವು ಬಂದರೆ 108ಕ್ಕೆ ಫೋನ್ ಮಾಡುತ್ತೀರಿ, ಅಥವಾ ಕೆಳಗಿಳಿದು ರಿಕ್ಷಾ ಹಿಡಿಯುತ್ತೀರಿ. ಪಾಲಿಕೆಯ ಭಾಭಾ ಆಸ್ಪತ್ರೆ ಇದೆ, ಹೋಲಿ ಫ್ಯಾಮಿಲಿ ಇದೆ, ರಿಕ್ಲಮೇಶನ್ನಿನಲ್ಲಿ ಲೀಲಾವತಿ ಇದೆ. ಟ್ರಾಫಿಕ್ ಎಷ್ಟೇ ಇರಲಿ, ಒಂದು ಗಂಟೆಯೊಳಗೆ ಯಾವುದೋ ಒಂದು ಆಸ್ಪತ್ರೆಯ ಬಾಗಿಲಲ್ಲಿ ಇರುತ್ತೀರಿ. ಈ ಅನುಕೂಲ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ಇದೆ ಎಂಬುದೇ ಮರೆತುಹೋಗಿದೆ.

ಹಡಗು ಸಂಜೆ ಬಂದರು ಬಿಟ್ಟ ಮೇಲೆ ಲೆಕ್ಕ ಬದಲಾಗುತ್ತದೆ. ದೊಡ್ಡ ಹೃದಯಾಘಾತದಲ್ಲಿ ರೋಗಿ ಆಸ್ಪತ್ರೆ ಮುಟ್ಟಿದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯಬೇಕು ಎಂಬುದು ದಡದ ಮೇಲಿನ ಗುರಿ. ಹಡಗಿನಲ್ಲಿ ಬಲೂನು ಇಲ್ಲ. ಔಷಧ ಲಭ್ಯವಿದ್ದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟು ದಡದ ಕಡೆ ನೋಡಬೇಕು. ಪಾರ್ಶ್ವವಾಯುವಿನಲ್ಲಂತೂ ಇನ್ನೂ ಕಷ್ಟ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಮೆದುಳಿನಲ್ಲಿ ಹೆಪ್ಪುಗಟ್ಟಿದೆಯೋ, ರಕ್ತಸ್ರಾವ ಆಗಿದೆಯೋ ಎಂದು ಸ್ಕ್ಯಾನ್ ಮಾಡದೆ ಹೇಳಲಾಗದು. ರಕ್ತಸ್ರಾವವಿದ್ದವರಿಗೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಅಪಾಯ. ಹಡಗಿನಲ್ಲಿ ಸ್ಕ್ಯಾನ್ ಇಲ್ಲದಿದ್ದರೆ ಎಷ್ಟೇ ಜಾಣ ಡಾಕ್ಟರಾದರೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

"ಹೆಲಿಕಾಪ್ಟರ್ ತರಿಸಬಹುದಲ್ಲ?" ಎಂದು ಕೇಳುವವರಿದ್ದಾರೆ. ನಮ್ಮ ಕಡಲ ರಕ್ಷಣಾ ಪಡೆ, ಅಂದರೆ ಕೋಸ್ಟ್ ಗಾರ್ಡ್, ಹಡಗುಗಳಿಂದ ರೋಗಿಗಳನ್ನು ಕರೆತರುವ ಕೆಲಸವನ್ನು ಮಾಡುತ್ತದೆ. ಅದರ ಪಶ್ಚಿಮ ವಲಯದ ಕೇಂದ್ರ ಕಚೇರಿ ನಮ್ಮ ವರ್ಲಿಯಲ್ಲೇ ಇದೆ. ಆದರೆ ಹೆಲಿಕಾಪ್ಟರಿಗೆ ದೂರದ ಮಿತಿ ಇದೆ. ಗಾಳಿ, ಕತ್ತಲೆ, ಅಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎತ್ತಿ ಸಾಗಿಸುವುದೇ ರೋಗಿಗೆ ಅಪಾಯವಾಗಬಹುದು. ಅದನ್ನು ಕರೆಸಬೇಕೋ ಬೇಡವೋ ಎಂದು ಕ್ಯಾಪ್ಟನ್ ಮತ್ತು ಡಾಕ್ಟರು ಸೇರಿ ತೀರ್ಮಾನಿಸುತ್ತಾರೆ. ಮನೆಯವರಿಗೆ ಜೊತೆಯಲ್ಲಿ ಜಾಗ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಲಕ್ಷದ್ವೀಪದ ದ್ವೀಪಗಳನ್ನೇ ನೋಡಿ: ಅಲ್ಲಿಯ ನಿವಾಸಿಗಳಿಗೆ ಕಾಯಿಲೆ ಗಂಭೀರವಾದರೂ ಕೊಚ್ಚಿಗೆ ಸಾಗಿಸಬೇಕಾಗುತ್ತದೆ. ದ್ವೀಪ ಕಣ್ಣಿಗೆ ಕಂಡಿತೆಂದರೆ ದೊಡ್ಡ ಆಸ್ಪತ್ರೆ ಹತ್ತಿರವಿದೆ ಎಂದರ್ಥವಲ್ಲ.

ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಹೆಚ್ಚಿನ ಪ್ರಯಾಣಿಕರು ನಗುತ್ತ ಹೋಗಿ ನಗುತ್ತ ಬರುತ್ತಾರೆ. ಆದರೆ ಚಿಕಿತ್ಸೆಯ ಅರ್ಧ ಭಾಗ ಹಡಗು ಹತ್ತುವ ಮೊದಲೇ, ಮನೆಯಲ್ಲೇ ಆಗಬೇಕು.

*ಒಂದು ತಿಂಗಳ ಮೊದಲು: ನಿಮ್ಮ ಡಾಕ್ಟರ ಹತ್ತಿರ ಹೋಗಿ*

ಅಪ್ಪ-ಅಮ್ಮನನ್ನು ಮಾಮೂಲಾಗಿ ನೋಡುವ ಡಾಕ್ಟರಿಗೆ ಪ್ರಯಾಣದ ದಿನಾಂಕ, ಎಷ್ಟು ರಾತ್ರಿ, ಎಲ್ಲಿ ನಿಲುಗಡೆ ಎಂಬುದನ್ನು ತಿಳಿಸಿ. "ಹೋಗಬಹುದೇ?" ಎಂದಷ್ಟೇ ಕೇಳಬೇಡಿ. "ಆಸ್ಪತ್ರೆ ಮುಟ್ಟಲು ಹತ್ತು ಹನ್ನೆರಡು ಗಂಟೆ ಆಗಬಹುದಾದ ಜಾಗಕ್ಕೆ ಇವರು ಹೋಗಬಹುದೇ?" ಎಂದು ಕೇಳಿ. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗಬಹುದು.

ಇಂಥವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು:

1. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್, ಬೈಪಾಸ್ ಅಥವಾ ಬೇರೆ ಯಾವುದೇ ಆಪರೇಷನ್ ಆದವರು.
2. ನಡೆದರೆ ಅಥವಾ ಮೆಟ್ಟಿಲು ಹತ್ತಿದರೆ ಎದೆನೋವು, ಉಸಿರುಕಟ್ಟುವಿಕೆ ಇರುವವರು.
3. ಶುಗರು ಒಮ್ಮೆ ಏರಿ ಒಮ್ಮೆ ಇಳಿಯುವವರು. ಕಳೆದ ಕೆಲವು ತಿಂಗಳಲ್ಲಿ ಶುಗರ್ ಕಡಿಮೆಯಾಗಿ ಬಿದ್ದವರು.
4. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮನೆಯಲ್ಲಿ ಆಕ್ಸಿಜನ್ ಬಳಸುವವರು.
5. ಮರೆವಿನ ಕಾಯಿಲೆ ಇರುವವರು. ಹೊಸ ಜಾಗ, ಒಂದೇ ತರಹದ ಉದ್ದನೆಯ ಕಾರಿಡಾರುಗಳು, ರಾತ್ರಿ ಎದ್ದು ಬಾಗಿಲು ತೆರೆದು ಹೋಗುವ ಅಭ್ಯಾಸ: ಇವೆಲ್ಲ ಸೇರಿದರೆ ಅಪಾಯ.

ಗರ್ಭಿಣಿಯರಿಗೆ ಕ್ರೂಸ್ ಕಂಪನಿಗಳದ್ದೇ ನಿಯಮವಿದೆ. ಪ್ರವಾಸ ಮುಗಿಯುವಷ್ಟರಲ್ಲಿ 24ನೇ ವಾರಕ್ಕೆ ಕಾಲಿಡುವವರನ್ನು ಹೆಚ್ಚಿನ ಕಂಪನಿಗಳು ಹತ್ತಿಸುವುದಿಲ್ಲ. ಅದಕ್ಕಿಂತ ಮೊದಲಾದರೂ ಡಾಕ್ಟರ ಪತ್ರ ಕೇಳುತ್ತಾರೆ. ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ 6 ತಿಂಗಳು ತುಂಬಿರಬೇಕು, ದೀರ್ಘ ಸಮುದ್ರಯಾನಕ್ಕೆ 12 ತಿಂಗಳು.

ಹಡಗು ಹತ್ತುವಾಗ ಆರೋಗ್ಯದ ಬಗ್ಗೆ ಒಂದು ಫಾರಂ ಕೊಟ್ಟರೆ ನಿಜ ಬರೆಯಿರಿ. "ಬರೆದರೆ ಹತ್ತಿಸುವುದಿಲ್ಲ" ಎಂದು ಸ್ಟೆಂಟ್ ಇರುವುದನ್ನು ಮುಚ್ಚಿಡುವುದು, ಜ್ವರವಿದ್ದರೂ ಮಾತ್ರೆ ನುಂಗಿಸಿ ಕರೆದೊಯ್ಯುವುದು ಎರಡೂ ತಪ್ಪು. ನಾಳೆ ವಿಮೆ ಕೇಳುವಾಗ ಅದೇ ಫಾರಂ ನಿಮ್ಮ ವಿರುದ್ಧ ನಿಲ್ಲುತ್ತದೆ.

ಲಸಿಕೆಗಳ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ. ಹಿರಿಯರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬೇಕೇ, ಟೈಫಾಯಿಡ್ ಬೇಕೇ ಎಂದು ಅವರು ಹೇಳುತ್ತಾರೆ. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಕೆಲವು ದೇಶಗಳ ಬಂದರು ಮುಟ್ಟುವ ಕ್ರೂಸ್ ಆದರೆ ಹಳದಿ ಜ್ವರದ ಲಸಿಕೆ ಕಡ್ಡಾಯವಾಗಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಹಾಕಿಸಬೇಕು. ಸರ್ಟಿಫಿಕೇಟ್ ಊರ್ಜಿತವಾಗುವುದು ಲಸಿಕೆ ಹಾಕಿಸಿದ 10 ದಿನಗಳ ನಂತರ. 2016ರಿಂದ ಅದು ಜೀವನಪೂರ್ತಿಗೆ ಮಾನ್ಯ. ಸರ್ಟಿಫಿಕೇಟ್ ಇಲ್ಲದೆ ಅಂಥ ದೇಶದಿಂದ ಭಾರತಕ್ಕೆ ಮರಳಿದರೆ ಪ್ರತ್ಯೇಕವಾಗಿ ಇರಿಸುತ್ತಾರೆ.

*ಮಾತ್ರೆಯ ಚೀಲ ನಿಮ್ಮ ಕೈಯಲ್ಲೇ ಇರಲಿ*

ಟರ್ಮಿನಲ್ಲಿನಲ್ಲಿ ದೊಡ್ಡ ಬ್ಯಾಗುಗಳನ್ನು ತೆಗೆದುಕೊಳ್ಳುತ್ತಾರೆ. ಅವು ನಿಮ್ಮ ಕೋಣೆಯ ಬಾಗಿಲಿಗೆ ಬರಲು ಹಲವು ಗಂಟೆ ಹಿಡಿಯಬಹುದು. ಮಧ್ಯಾಹ್ನದ ಇನ್ಸುಲಿನ್, ರಾತ್ರಿಯ ಬಿಪಿ ಮಾತ್ರೆ ಆ ಬ್ಯಾಗಿನೊಳಗೆ ಕೂತಿದ್ದರೆ ಏನು ಮಾಡುತ್ತೀರಿ? ಹಾಗಾಗಿ ಎಲ್ಲ ಔಷಧಿಯೂ ಕೈಚೀಲದಲ್ಲಿರಲಿ. ಪ್ರವಾಸದ ದಿನಗಳ ಮೇಲೆ ಕನಿಷ್ಠ ನಾಲ್ಕೈದು ದಿನದ ಹೆಚ್ಚಿನ ಮಾತ್ರೆ ಇಟ್ಟುಕೊಳ್ಳಿ. ನಿಮ್ಮ ಅದೇ ಬ್ರ್ಯಾಂಡಿನ ಮಾತ್ರೆ ಹಡಗಿನಲ್ಲಿ ಸಿಗುತ್ತದೆ ಎಂದು ನಂಬಬೇಡಿ.

ಜಾಗ ಉಳಿಸಲು ಎಲ್ಲ ಮಾತ್ರೆಗಳನ್ನೂ ಒಂದೇ ಡಬ್ಬಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಪ್ರವಾಸದಲ್ಲಿ ಅದು ಬೇಡ. ಹೆಸರು ಕಾಣುವ ಪಟ್ಟಿಯಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಇನ್ಸುಲಿನ್ನನ್ನು ಹೇಗೆ ತಣ್ಣಗೆ ಇಡಬೇಕೆಂದು ಮೊದಲೇ ವಿಚಾರಿಸಿ. ಕೋಣೆಯ ಪುಟ್ಟ ಫ್ರಿಜ್ ಎಲ್ಲ ಹಡಗುಗಳಲ್ಲೂ ಸಾಕಷ್ಟು ತಣ್ಣಗಿರುವುದಿಲ್ಲ. ಮೆಡಿಕಲ್ ಸೆಂಟರಿನವರು ಸಹಾಯ ಮಾಡುತ್ತಾರೆ. ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಕೇಳಿ ಪಡೆಯಿರಿ, ಕಸದ ಬುಟ್ಟಿಗೆ ಹಾಕಬೇಡಿ. ಕೋಣೆ ಗುಡಿಸಲು ಬರುವ ಹುಡುಗನ ಕೈಗೆ ಅದು ಚುಚ್ಚುತ್ತದೆ.

ವಿದೇಶದಿಂದ ಹೊರಡುವ ಕ್ರೂಸ್ ಆದರೆ ಇನ್ನೊಂದು ಎಚ್ಚರ. ಮುಂಬೈಯಿಂದ ವಿಮಾನದಲ್ಲಿ ಸಿಂಗಾಪುರಕ್ಕೋ ದುಬೈಗೋ ಹೋಗಿ ಹಡಗು ಹತ್ತುವವರು, ಅಲ್ಲೇ ನೆಲೆಸಿ ಊರಿನಿಂದ ತಂದೆ-ತಾಯಿಯನ್ನು ಕರೆಸಿಕೊಳ್ಳುವವರು ಇದನ್ನು ಗಮನಿಸಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳ ಮೇಲೆ ಆ ದೇಶಗಳಲ್ಲಿ ಬಿಗಿ ನಿಯಮವಿದೆ. ಮೊದಲೇ ಅನುಮತಿ ಪಡೆಯಬೇಕಾಗಬಹುದು. ನಮ್ಮ ಅಡುಗೆಮನೆಯ ಒಂದು ಪದಾರ್ಥವೂ ಈ ಸಾಲಿನಲ್ಲಿದೆ: *ಗಸಗಸೆ*. ಅದು ಅಫೀಮಿನ ಗಿಡದ ಬೀಜವಾದ್ದರಿಂದ ಸಿಂಗಾಪುರದಲ್ಲೂ ಯುಎಇಯಲ್ಲೂ ನಿಷಿದ್ಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಗಸಗಸೆ ಹಾಕಿದ ಉಂಡೆ, ಮಸಾಲೆ ಪುಡಿ ಮನೆಯಲ್ಲೇ ಇರಲಿ.

*ಹಡಗಿನ ಓಲಾಟ, ವಾಂತಿ, ತಲೆಸುತ್ತು*

ಕೋಣೆಯೊಳಗೆ ಕೂತಾಗ ಕಣ್ಣು "ಎಲ್ಲ ನಿಂತಿದೆ" ಅನ್ನುತ್ತದೆ, ಒಳಕಿವಿ "ಓಲಾಡುತ್ತಿದೆ" ಅನ್ನುತ್ತದೆ. ಈ ಎರಡು ಸಂದೇಶಗಳ ಜಗಳವೇ ವಾಂತಿ, ತಲೆಸುತ್ತು. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಬುಕ್ ಮಾಡುವಾಗ ಅಂಥ ಕೋಣೆಯನ್ನೇ ಕೇಳಿ. ಮುಂತುದಿಯ ಎತ್ತರದ ಕೋಣೆ ನೋಡಲು ಚೆಂದ, ಹೊಟ್ಟೆಗೆ ಕಷ್ಟ. ತಲೆ ಸುತ್ತಿದಾಗ ಮೊಬೈಲು ನೋಡಬೇಡಿ. ಡೆಕ್ಕಿಗೆ ಬಂದು ಗಾಳಿಗೆ ನಿಂತು, ದೂರದಲ್ಲಿ ಕಡಲು-ಆಕಾಶ ಕೂಡುವ ಗೆರೆಯನ್ನು ನೋಡಿ. ಹೊಟ್ಟೆ ಪೂರ್ತಿ ಖಾಲಿ ಇರುವುದೂ ಬೇಡ, ಎಣ್ಣೆಯ ಊಟ ತುಂಬಿಸುವುದೂ ಬೇಡ. ಶುಂಠಿ ಕೆಲವರಿಗೆ ಹಿತವಾಗುತ್ತದೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತ್ರೆ ಅವೊಮಿನ್. ಓಲಾಟ ಶುರುವಾಗುವ ಒಂದೆರಡು ಗಂಟೆ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ವಾಂತಿ ಶುರುವಾದ ಮೇಲೆ ಅಷ್ಟಾಗಿ ಇಲ್ಲ. ಆದರೆ ಇದು ಮಂಪರು ತರುವ ಮಾತ್ರೆ. ವಯಸ್ಸಾದವರಿಗೆ ಗೊಂದಲ, ತೂಕಡಿಕೆ, ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬೀಳುವ ಅಪಾಯ ಇದೆ. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟಬಹುದು. ಗ್ಲಾಕೋಮಾ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಅದಕ್ಕಿಂತ ದೊಡ್ಡ ಮಕ್ಕಳಿಗೂ ಡಾಕ್ಟರು ಹೇಳಿದರೆ ಮಾತ್ರ. ಇದರ ಜೊತೆ ಮದ್ಯ ಸೇರಿಸಬಾರದು.

*ಒಬ್ಬರ ವಾಂತಿ-ಭೇದಿ ಇಡೀ ಹಡಗಿಗೆ*

ಸಾವಿರಾರು ಮಂದಿ ಒಂದೇ ಊಟದ ಹಾಲು, ಒಂದೇ ಲಿಫ್ಟು, ಒಂದೇ ಕೈಗಂಬಿ ಬಳಸುವ ಜಾಗದಲ್ಲಿ ಸೋಂಕು ಬೇಗ ಹರಡುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನೆನಪಿಸಿಕೊಳ್ಳಿ. ಹಡಗಿನಲ್ಲಿದ್ದ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಜನರಿಗೆ ಕೋವಿಡ್ ಬಂತು. ನಮ್ಮ ದೇಶದ ನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಸಿಕ್ಕಿಕೊಂಡಿದ್ದರು. ನಮ್ಮ ಮುಂಬೈಯದ್ದೇ ಉದಾಹರಣೆಯೂ ಇದೆ. 2022ರ ಹೊಸ ವರ್ಷಕ್ಕೆಂದು ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೆಲಿಯಾ ಹಡಗಿನಲ್ಲಿ ಸುಮಾರು 2,000 ಮಂದಿಯ ಪರೀಕ್ಷೆ ಮಾಡಿದಾಗ 66 ಜನರಿಗೆ ಸೋಂಕು ಕಂಡುಬಂತು. ಹಡಗು ಮುಂಬೈಗೆ ಮರಳಬೇಕಾಯಿತು.

ಈಗ ಕ್ರೂಸ್‌ಗಳಲ್ಲಿ ಹೆಚ್ಚು ಕಾಡುವುದು ನೋರೋವೈರಸ್, ಅಂದರೆ ಇದ್ದಕ್ಕಿದ್ದಂತೆ ಶುರುವಾಗುವ ವಾಂತಿ-ಭೇದಿ. ಸೋಂಕು ತಗಲಿದ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಇದರಲ್ಲಿ ನಾವು ತಿಳಿಯಬೇಕಾದ ಮುಖ್ಯ ಸಂಗತಿ: *ಬಾಟಲಿಯ ಸ್ಯಾನಿಟೈಸರ್ ಈ ವೈರಸ್ಸಿಗೆ ಸಾಲದು.* ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ನೀರಿನಲ್ಲಿ ತೊಳೆಯಬೇಕು. ಕೈಯಲ್ಲಿ ಉಣ್ಣುವ ನಮಗೆ ಇದು ಇನ್ನೂ ಮುಖ್ಯ. ಬಫೆಯ ಸೌಟು ಎಲ್ಲರೂ ಮುಟ್ಟಿದ್ದು. ಆದ್ದರಿಂದ ಬಡಿಸಿಕೊಂಡು ತಟ್ಟೆ ಮೇಜಿನ ಮೇಲಿಟ್ಟು, ಕೈ ತೊಳೆದು ಬಂದು ಉಣ್ಣಿ.

ವಾಂತಿ-ಭೇದಿ ಶುರುವಾದರೆ ಮುಚ್ಚಿಡಬೇಡಿ. "ಕೋಣೆಯಲ್ಲಿ ಕೂಡಿಹಾಕುತ್ತಾರೆ, ದುಡ್ಡು ಕೊಟ್ಟದ್ದು ದಂಡ" ಎಂದು ಸುಮ್ಮನಿದ್ದರೆ ಮುಂದಿನ ಮೇಜಿನ ಅಜ್ಜಿಗೆ, ಮಗುವಿಗೆ ಅದು ಹೋಗುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.

ಶುಗರು, ಬಿಪಿ ಇರುವವರಿಗೆ ಇಲ್ಲಿ ಒಂದು ಗುಪ್ತ ಅಪಾಯವಿದೆ. ಊಟ ಹೊಟ್ಟೆಯಲ್ಲಿ ನಿಲ್ಲದೆ ಮಾತ್ರೆ ಮಾತ್ರ ನುಂಗಿದರೆ ಶುಗರು ಕೆಳಗಿಳಿದು ಪ್ರಜ್ಞೆ ತಪ್ಪಬಹುದು. ನೀರು ಕಳೆದುಕೊಂಡ ದೇಹಕ್ಕೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಕೊಟ್ಟರೆ ರಕ್ತದೊತ್ತಡ ಇಳಿಯಬಹುದು, ಮೂತ್ರಪಿಂಡಕ್ಕೂ ಪೆಟ್ಟು. ಹಾಗೆಂದು ನೀವೇ ಎಲ್ಲ ನಿಲ್ಲಿಸುವುದೂ ಸರಿಯಲ್ಲ. ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಕೆಲವರಿಗೆ ಪ್ರಾಣಾಪಾಯ. "ವಾಂತಿ-ಭೇದಿ ಆದ ದಿನ ಯಾವ ಮಾತ್ರೆ ಕೊಡಬೇಕು, ಯಾವುದು ತಡೆಯಬೇಕು?" ಎಂದು ಹೊರಡುವ ಮೊದಲೇ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ. ಈ ಲೇಖನದಿಂದ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

*ವಿಮೆ: ಮೆಡಿಕ್ಲೇಮ್ ಇದೆ ಎಂದು ಸುಮ್ಮನಿರಬೇಡಿ*

ಹಡಗಿನ ಡಾಕ್ಟರು ಧರ್ಮಕ್ಕೆ ನೋಡುವುದಿಲ್ಲ. ಸಾಮಾನ್ಯವಾಗಿ ತಪಾಸಣೆ, ಔಷಧಿ, ಡ್ರಿಪ್ ಎಲ್ಲಕ್ಕೂ ಬಿಲ್ಲು ನಿಮ್ಮ ಕೋಣೆಯ ಲೆಕ್ಕಕ್ಕೆ ಸೇರುತ್ತದೆ. ಇಳಿಯುವ ಮೊದಲು ಕಟ್ಟಬೇಕು. ನಮ್ಮ ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿಗಳು ನೋಂದಾಯಿತ ಆಸ್ಪತ್ರೆಯಲ್ಲಿ ದಾಖಲಾದರೆ ಕೊಡುವಂಥವು. ಹಡಗಿನ ದವಾಖಾನೆ ಆ ವ್ಯಾಖ್ಯೆಗೆ ಬರುತ್ತದೆಯೇ? ಕಂಪನಿಯನ್ನು ಇಮೇಲಿನಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ವಿದೇಶಿ ನೀರಿನಲ್ಲಂತೂ ಹೆಚ್ಚಿನ ಪಾಲಿಸಿಗಳು ನಡೆಯುವುದಿಲ್ಲ. ಪ್ರತ್ಯೇಕ ಪ್ರವಾಸ ವಿಮೆ ಬೇಕು.

ಪ್ರವಾಸ ವಿಮೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಮೊದಲೇ ಇರುವ ಕಾಯಿಲೆಗೆ, ಅಂದರೆ ಶುಗರು, ಬಿಪಿ, ಹೃದಯಕ್ಕೆ ಅನ್ವಯಿಸುತ್ತದೆಯೇ? ಕ್ರೂಸ್ ಪ್ರಯಾಣ ಸೇರಿದೆಯೇ? ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚು ಎಷ್ಟರವರೆಗೆ ಕೊಡುತ್ತಾರೆ? ಈ ಸಾಗಾಟದ ಖರ್ಚೇ ಲಕ್ಷಗಟ್ಟಲೆ ಹೋಗಬಹುದು.

ರೋಗಿಯನ್ನು ಮಧ್ಯದ ಬಂದರಿನಲ್ಲಿ ಇಳಿಸಿದರೆ ಹಡಗು ಕಾಯುವುದಿಲ್ಲ, ಮುಂದೆ ಹೋಗುತ್ತದೆ. ರೋಗಿಯ ಜೊತೆ ಯಾರು ಇಳಿಯುತ್ತಾರೆ, ಮಕ್ಕಳು ಯಾರ ಜೊತೆ ಉಳಿಯುತ್ತಾರೆ ಎಂದು ಮನೆಯಲ್ಲೇ ಮಾತಾಡಿಕೊಳ್ಳಿ. ಇಳಿಯುವವರ ಹತ್ತಿರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್, ಹಣ, ಕಾರ್ಡು, ಚಾರ್ಜರ್ ಇರಬೇಕು.

*ಹಡಗಿನ ಮೇಲೆ*

ಬೀಳುವುದು ಹಿರಿಯರ ದೊಡ್ಡ ಶತ್ರು. ಒದ್ದೆ ಡೆಕ್ಕು, ಬಾತ್‌ರೂಮಿನ ಎತ್ತರದ ಹೊಸ್ತಿಲು, ರಾತ್ರಿಯ ಓಲಾಟ. ಜಾರದ ಚಪ್ಪಲಿ, ರಾತ್ರಿ ಒಂದು ಪುಟ್ಟ ದೀಪ, ಯಾವಾಗಲೂ ಒಂದು ಕೈ ಗಂಬಿಯ ಮೇಲೆ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದೂರದಲ್ಲೇ ನಿಂತು, ಚಿಕ್ಕ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಓಲಾಡುವ ದೋಣಿಗೆ ಕಾಲಿಡಲು ಮಂಡಿ ನೋವಿನವರಿಗೆ ಕಷ್ಟ. ಅಮ್ಮ "ನಾನು ಇಲ್ಲೇ ಕೂರುತ್ತೇನೆ" ಅಂದರೆ ಒತ್ತಾಯಿಸಬೇಡಿ, ಜೊತೆಗೊಬ್ಬರು ಉಳಿಯಿರಿ.

ಬಫೆಯಲ್ಲಿ ಸಿಹಿ, ಉಪ್ಪು ಎರಡೂ ಹೆಚ್ಚು. ಮೂರು ದಿನದ ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಹೃದಯ ದುರ್ಬಲವಿರುವವರ ಕಾಲಿಗೆ ನೀರು ತುಂಬಿಸಬಹುದು. ಮಕ್ಕಳನ್ನು ಈಜುಕೊಳದ ಹತ್ತಿರ ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ.

ಇನ್ನು ಭಾಷೆ. ಅಮ್ಮನಿಗೆ ಕನ್ನಡವೋ ತುಳುವೋ ಮಾತ್ರ ಬರುವುದಾದರೆ ರಾತ್ರಿ ಎರಡು ಗಂಟೆಗೆ ನೋವು ಎಲ್ಲಿದೆ ಎಂದು ಹಡಗಿನ ನರ್ಸಿಗೆ ಹೇಗೆ ಹೇಳುತ್ತಾರೆ? ಅವರ ಕೋಣೆಯಲ್ಲಿ ಅಥವಾ ಪಕ್ಕದ ಕೋಣೆಯಲ್ಲಿ ಭಾಷೆ ಗೊತ್ತಿರುವ ಒಬ್ಬರು ಇರಲಿ. ಕೋಣೆಯ ಫೋನಿನಿಂದ ಮೆಡಿಕಲ್ ಸೆಂಟರಿಗೆ ಯಾವ ನಂಬರ್ ಎಂದು ಮೊದಲ ದಿನವೇ ನೋಡಿ, ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ನಮ್ಮ ಹಿರಿಯರಿಗೆ ಇನ್ನೊಂದು ಗುಣವಿದೆ. "ಮಕ್ಕಳು ಇಷ್ಟು ಖರ್ಚು ಮಾಡಿ ಕರೆತಂದಿದ್ದಾರೆ, ಅವರ ಸಂತೋಷ ಯಾಕೆ ಹಾಳು ಮಾಡಲಿ" ಎಂದು ಎದೆನೋವನ್ನು ಗ್ಯಾಸ್ ಎಂದು ನುಂಗಿಕೊಳ್ಳುತ್ತಾರೆ. ದಡದಲ್ಲಿ ಎರಡು ಗಂಟೆ ತಡವಾದರೂ ಆಸ್ಪತ್ರೆ ಹತ್ತಿರವಿರುತ್ತದೆ. ಕಡಲಿನಲ್ಲಿ ಆ ಎರಡು ಗಂಟೆಯಲ್ಲಿ ಹಡಗು ಇನ್ನಷ್ಟು ದೂರ ಹೋಗಿರುತ್ತದೆ. ಆದ್ದರಿಂದ ಹೊರಡುವ ಮೊದಲೇ ಅವರಿಗೆ ಬಿಡಿಸಿ ಹೇಳಿ: "ಎದೆ ಹಿಡಿದಂತಾದರೆ, ಬೆವರಿದರೆ, ಉಸಿರು ಕಟ್ಟಿದರೆ, ಬಾಯಿ ಸೊಟ್ಟಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ ನಮ್ಮನ್ನು ಎಬ್ಬಿಸಿ. ನಮಗೆ ಪ್ರವಾಸಕ್ಕಿಂತ ನೀವು ಮುಖ್ಯ." ಈ ಮಾತು ಅವರಿಗೆ ನಿಮ್ಮ ಬಾಯಿಂದಲೇ ಕೇಳಬೇಕು.

*ಕೈಚೀಲದ ಪಟ್ಟಿ (ಇದನ್ನು ಸೇವ್ ಮಾಡಿಕೊಳ್ಳಿ)*

✅ ಒಂದು ಪುಟದ ಆರೋಗ್ಯ ಪತ್ರ, ಇಂಗ್ಲಿಷಿನಲ್ಲಿ: ಕಾಯಿಲೆಗಳು, ಔಷಧಿಗಳ ಮೂಲ ಹೆಸರು ಮತ್ತು ಪ್ರಮಾಣ, ಅಲರ್ಜಿ, ರಕ್ತದ ಗುಂಪು, ನಿಮ್ಮ ಡಾಕ್ಟರ ಫೋನ್ ನಂಬರ್
✅ ಇತ್ತೀಚಿನ ಇಸಿಜಿಯ ಪ್ರತಿ (ಹೊಸ ಇಸಿಜಿಯ ಜೊತೆ ಹೋಲಿಸಲು ಹಡಗಿನ ಡಾಕ್ಟರಿಗೆ ಬಹಳ ಉಪಯೋಗ)
✅ ಸ್ಟೆಂಟ್ ಅಥವಾ ಪೇಸ್‌ಮೇಕರ್ ಇದ್ದರೆ ಅದರ ಕಾರ್ಡು
✅ ಎಲ್ಲ ಮಾತ್ರೆ, ಇನ್ಸುಲಿನ್, ಇನ್‌ಹೇಲರ್. ನಾಲ್ಕೈದು ದಿನ ಹೆಚ್ಚಿಗೆ
✅ ಶುಗರ್ ನೋಡುವ ಮೀಟರ್, ಸ್ಟ್ರಿಪ್, ಬಿಪಿ ಯಂತ್ರ
✅ ಶುಗರು ಇಳಿದರೆ ತಿನ್ನಲು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ
✅ ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್, ಡಾಕ್ಟರು ಒಪ್ಪಿದ ವಾಂತಿ ಮಾತ್ರೆ
✅ ವಾಂತಿ-ಭೇದಿ ದಿನದ ಮಾತ್ರೆ ಸೂಚನೆಯ ಕಾಗದ
✅ ಹೆಚ್ಚುವರಿ ಕನ್ನಡಕ, ಕಿವಿ ಯಂತ್ರದ ಬ್ಯಾಟರಿ, ಸೋಪು
✅ ವಿಮೆಯ ಕಾಗದ ಮತ್ತು 24 ಗಂಟೆಯ ಸಹಾಯವಾಣಿ ನಂಬರ್. ಎಲ್ಲವನ್ನೂ ಫೋಟೋ ತೆಗೆದು ಮನೆಯವರಿಬ್ಬರ ಮೊಬೈಲಿನಲ್ಲಿ ಇಡಿ. ನಡುಕಡಲಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಫೋಟೋಗಳು ಫೋನಿನ ಒಳಗೇ ಇರಬೇಕು.

ಇಷ್ಟೆಲ್ಲ ತಯಾರಿ ಮಾಡಿದ ಮೇಲೂ ನಿಮ್ಮ ಡಾಕ್ಟರು "ಈ ವರ್ಷ ಬೇಡ" ಅಂದರೆ ಬೇಸರ ಬೇಡ. ಗೇಟ್‌ವೇಯಿಂದ ಒಂದು ಗಂಟೆಯ ದೋಣಿ ವಿಹಾರ ಮಾಡಿಸಿ, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ತೋರಿಸಿ. "ಹೋಗಿ ಬನ್ನಿ" ಅಂದರೆ ಧೈರ್ಯವಾಗಿ ಹೋಗಿ ಬನ್ನಿ. ಅಮ್ಮನಿಗೆ ಮೂರು ದಿನ ಯಾರೋ ಬಡಿಸಿದ್ದನ್ನು ಉಣ್ಣುವ ಸುಖ ಸಿಗಲಿ.

🙏 ಈ ಲೇಖನ ಮಾಹಿತಿಗಾಗಿ. ಔಷಧಿಯ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಅಂತಿಮ. ಕ್ರೂಸ್ ಯೋಚನೆಯಲ್ಲಿರುವ ಬಂಧುಗಳಿಗೆ, ನಿಮ್ಮ ಮನೆಯ ಗುಂಪಿಗೆ ಇದನ್ನು ತಪ್ಪದೆ ಕಳುಹಿಸಿ.